ಗೆರೆಮೀನು ಹುಡುಕಿ ಕಾರವಾರಕ್ಕೆ

ಹುಬ್ಬಳ್ಳಿಯಿಂದ ಅಂಕೋಲೆಗೆ ಹೊರಟ ಬಸ್ಸಿನಲ್ಲಿ ಕಿಟಕಿಯ ಪಕ್ಕದ ಸೀಟು ಸಿಕ್ಕಿತು. ಅಕ್ಟೋಬರ್ ಕೊನೆಯ ವಾರ. ಬೆಳಗಿನ ಚಳಿ ಇನ್ನೂ ಹತ್ತಿರಲಿಲ್ಲ, ಮಳೆ ಪೂರ್ತಿ ಬಿಟ್ಟಿರಲಿಲ್ಲ. ಚೀಲದಲ್ಲಿ ಎರಡು ಜೊತೆ ಬಟ್ಟೆ, ಮುಚ್ಚಳ ಗಟ್ಟಿಯಾಗಿ ಕೂರುವ ಒಂದು ಸ್ಟೀಲ್ ಡಬ್ಬಿ, ಮತ್ತು ಎಷ್ಟು ತುರುಕಿದರೂ ಹಿಡಿಕೆ ಹೊರಗೇ ಉಳಿಯುತ್ತಿದ್ದ ಒಂದು ಸಣ್ಣ ಕೈಬಲೆ. ಪಕ್ಕದಲ್ಲಿ ಕೂತ ಹಿರಿಯರು ಯಲ್ಲಾಪುರಕ್ಕೆ ಹೋಗುವವರು. ಕಲಘಟಗಿ ದಾಟುವವರೆಗೆ ಆ ಹಿಡಿಕೆಯನ್ನೇ ನೋಡುತ್ತಿದ್ದು, ಆಮೇಲೆ ತಡೆಯಲಾರದೆ ಕೇಳಿದರು.

"ಬ್ಯಾಡ್ಮಿಂಟನ್ ಏನ್ರಿ?"

"ಅಲ್ಲ, ಮೀನಿನ ಬಲೆ."

"ಸಮುದ್ರಕ್ಕ ಇಷ್ಟು ಸಣ್ಣದು ಸಾಲ್ತೈತೇನು?"

"ಸಮುದ್ರಕ್ಕಲ್ಲ, ಹಳ್ಳಕ್ಕೆ. ಬೆರಳುದ್ದದ ಮೀನು."

ಅವರು ನನ್ನ ಕನ್ನಡಕ ನೋಡಿದರು, ಷೂ ನೋಡಿದರು. "ಅದಕ್ಕ ನೂರಾ ಎಂಬತ್ತರ ಮ್ಯಾಲೆ ಬಸ್ ಚಾರ್ಜ್ ಕೊಟ್ಟು ಹೊಂಟೀರಿ" ಎಂದು, ಕೇಳಿದಂತೆಯೂ ಅಲ್ಲದೆ ಹೇಳಿದಂತೆಯೂ ಅಲ್ಲದೆ ಅಂದು, ತಮ್ಮ ಎಲೆಯಡಿಕೆ ಚೀಲ ಬಿಚ್ಚಿದರು. ಯಲ್ಲಾಪುರದಲ್ಲಿ ಇಳಿದುಹೋದರು.

ಅವರಿಗೆ ಹೇಳದ್ದನ್ನು ಇಲ್ಲಿ ಹೇಳಬೇಕು. ನನ್ನ ಹುಟ್ಟೂರು ಕಾರವಾರ ಮತ್ತು ಅಂಕೋಲೆಯ ನಡುವೆ, ಹೆದ್ದಾರಿಯಿಂದ ಸಮುದ್ರದ ಕಡೆಗೆ, ಒಂದು ಗುಡ್ಡದ ಬುಡದಲ್ಲಿತ್ತು. ನೆಲ ಈಗಲೂ ಅಲ್ಲೇ ಇದೆ, ನೌಕಾನೆಲೆಯ ಗೋಡೆಯ ಒಳಗೆ. ಊರಿಗೆ ಊರೇ ಎದ್ದು ಅಂಕೋಲೆ ಕಡೆಯ ಪುನರ್ವಸತಿ ಕಾಲೊನಿಗೆ ಹೋದಾಗ ನನಗೆ ಐದು ವರ್ಷ. ಆಮೇಲೆ ಅಪ್ಪನ ನೌಕರಿಯ ಹಿಂದೆ ಘಟ್ಟ ಹತ್ತಿದೆವು. ನಾನು ಧಾರವಾಡದಲ್ಲೇ ಓದಿದೆ, ಪ್ರಾಣಿಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದೆ, ಅಲ್ಲೇ ಪಾಠ ಹೇಳುತ್ತಿದ್ದೇನೆ. ಅಮ್ಮ ಕೊನೆಯವರೆಗೂ ನನ್ನೊಂದಿಗಿದ್ದಳು. ಸಂಜೆಯಾದರೆ ಅವಳ ಬಾಯಲ್ಲಿ ಊರು. ಬಾವಿಯ ಮೆಟ್ಟಿಲು, ಹಲಸಿನ ಮರ, ನೆರೆಮನೆಯ ಕುಂಟು ಆಕಳು. ಕೇಳಿ ಕೇಳಿ ಅವೆಲ್ಲ ನನ್ನ ಕಣ್ಣಿಗೂ ಕಟ್ಟಿದವು. ತೊಂದರೆ ಅಲ್ಲೇ. ಹೇಳಿದ ಕತೆ ಕೇಳಿದವನ ತಲೆಯಲ್ಲಿ ಚಿತ್ರವಾಗಿ, ಚಿತ್ರವೇ ನೆನಪಿನ ವೇಷ ಹಾಕುತ್ತದೆಂದು ನಾನು ಓದಿ ಬಲ್ಲೆ. ಆ ಕುಂಟು ಆಕಳನ್ನು ನಾನು ಕಂಡಿದ್ದೆನೋ, ಅಮ್ಮನ ಮಾತಿನಲ್ಲಿ ಕೇಳಿದ್ದೆನೋ, ಹೇಳಲಾರೆ.

ಅಮ್ಮ ಒಮ್ಮೆಯೂ ಹೇಳದ ಸಂಗತಿ ನನ್ನ ಬಳಿ ಒಂದೇ ಇತ್ತು. ಮನೆಯ ಹಿಂದಿನ ಹಳ್ಳ, ನೀರಿನ ಮೇಲೆ ಬಾಗಿದ ಕೇದಗೆ ಹಿಂಡು, ಅದರ ನೆರಳಲ್ಲಿ ಬೆರಳುದ್ದದ ಮೀನುಗಳು. ಒಂದೊಂದರ ಮೈಮೇಲೂ ಕಣ್ಣಿನಿಂದ ಬಾಲದವರೆಗೆ ಕಾಡಿಗೆಯಲ್ಲಿ ಎಳೆದಂಥ ಒಂದು ಗೆರೆ, ಗೆರೆಯ ಮೇಲಂಚಿಗೆ ಹೊನ್ನಿನ ಇನ್ನೊಂದು ಎಳೆ. ಊರು ನನ್ನದೂ ಆಗಿತ್ತೆಂದು ಹೇಳಿಕೊಳ್ಳಲು ನನ್ನ ಕೈಯಲ್ಲಿದ್ದದ್ದು ಆ ಮೀನು ಮಾತ್ರ. ಅಮ್ಮ ಕಳೆದ ಮಳೆಗಾಲದಲ್ಲಿ ತೀರಿಕೊಂಡಳು. ಕ್ರಿಯೆಗೆ ಬಂದ ಅಕ್ಕನ ಹತ್ತಿರ ಈ ಮಾತು ತೆಗೆದರೆ ಅವಳು ತಲೆಯಾಡಿಸಿಬಿಟ್ಟಳು. "ಹಳ್ಳ ಎಲ್ಲಿತ್ತಾ ಅಲ್ಲಿ? ಒಣ ಗುಂಡಿ ಅದು, ಬರೀ ಕಲ್ಲು. ಮೀನಿಗೆ ಗೆರೆಯೂ ಇರ್ಲಿಲ್ಲ, ಮಣ್ಣೂ ಇರ್ಲಿಲ್ಲ. ನೀ ಕಾಲೇಜಿನ ಗಾಜಿನ ಪೆಟ್ಟಿಗೆಲಿ ನೋಡಿದ್ದನ್ನ ಊರಿಗೆ ಒಯ್ದು ಬಿಟ್ಟಿದ್ದಿ." ಅಕ್ಕ ನನಗಿಂತ ಆರು ವರ್ಷ ದೊಡ್ಡವಳು. ಅವಳ ನೆನಪಿನ ಮುಂದೆ ನನ್ನದಕ್ಕೆ ಬೆಲೆ ಕಡಿಮೆ. ನನಗೂ ಅವಳೇ ಸರಿ ಅನ್ನಿಸತೊಡಗಿತ್ತು. ಆದರೂ ದೀಪಾವಳಿಯ ರಜೆಗೆ ಕಾಯುತ್ತಿದ್ದು, ಬಲೆ ಕೊಂಡು ಹೊರಟೆ.

ಅರಬೈಲು ಘಟ್ಟ ಇಳಿಯುವಾಗ ಲಾರಿಗಳ ಬ್ರೇಕಿನ ವಾಸನೆ ಬಸ್ಸು ತುಂಬಿತು. ಕಿವಿ ಕಟ್ಟಿ ಬಿಟ್ಟಿತು. ಕೆಳಗಿಳಿದಂತೆ ಗಾಳಿ ಒದ್ದೆಯಾಗಿ ಅಂಗಿ ಬೆನ್ನಿಗೆ ಅಂಟಿತು. ಗಂಗಾವಳಿ ಮರಗಳ ನಡುವೆ ಕಾಣುತ್ತ ಮರೆಯಾಗುತ್ತ ಜೊತೆಗೇ ಬಂತು. ಬಾಳೆಗುಳಿಗೆ ಸ್ವಲ್ಪ ಮೊದಲು ಒಂದು ಮೋರಿಯ ಕೆಳಗೆ ತಿಳಿನೀರು ಕಂಡಿತು. ಅಂಕೋಲೆಯವರೆಗೆ ಟಿಕೆಟ್ ಇದ್ದರೂ ಬಾಳೆಗುಳಿಯ ಕೂಡುರಸ್ತೆಯಲ್ಲಿ ಇಳಿದು ಹಿಂದಕ್ಕೆ ನಡೆದೆ. ಮಟಮಟ ಮಧ್ಯಾಹ್ನ.

ಮೋರಿಯ ಕೆಳಗೆ ಒಬ್ಬ ಹೆಂಗಸು ಸೀರೆ ಎತ್ತಿಕಟ್ಟಿ ಚಾಪೆ ತಿಕ್ಕುತ್ತಿದ್ದಳು. ಅವಳ ಮೊಣಕಾಲಿನ ಸುತ್ತ ನೀರು ಹಸಿರಾಗಿ ನಿಂತಿತ್ತು. ಆ ಹಸಿರಿನಲ್ಲಿ ನಾನು ಹುಡುಕಿ ಬಂದದ್ದೇ ಇತ್ತು. ಹತ್ತಿಪ್ಪತ್ತು ಮೀನು, ಎಲ್ಲವೂ ಹರಿವಿಗೆ ಮುಖ ಮಾಡಿ, ಮೈಗೆ ಕಪ್ಪು ಗೆರೆ. ಪುಸ್ತಕದಲ್ಲಿ ಇದನ್ನು ರಾಸ್ಬೋರಾ ಎನ್ನುತ್ತಾರೆ. ಬಾಯಿ ತುಸು ಮೇಲಕ್ಕೆ ತಿರುಗಿರುತ್ತದೆ. ನೀರಿನ ಮೇಲೆ ಬಿದ್ದ ಇರುವೆ, ಸೊಳ್ಳೆಯ ಮರಿ, ಹೂವಿನ ಪುಡಿ ಯಾವುದಾದರೂ ಅದಕ್ಕೆ ಊಟ. ರಭಸದ ನೀರು ಬೇಡ. ಬೇರು ಜೋತುಬಿದ್ದ ದಡ, ಮೇಲೆ ನೆರಳು, ಕೆಳಗೆ ಕೊಳೆತ ಎಲೆ ಇದ್ದರೆ ಸಾಕು. ಮಳೆಗಾಲದಲ್ಲಿ ಹಳ್ಳ ಗದ್ದೆಗೆ ನುಗ್ಗಿದಾಗ ಇದೂ ನುಗ್ಗಿ, ಮುಳುಗಿದ ಹುಲ್ಲಿನ ನಡುವೆ ಮೊಟ್ಟೆ ಚೆಲ್ಲುತ್ತದೆ. ಬೇಸಿಗೆಯಲ್ಲಿ ಹರಿವು ನಿಂತರೆ ಮೇಲಿನ ಮಡುಗಳಿಗೆ ಸರಿದು ಕಾಯುತ್ತದೆ. ಉಪ್ಪುನೀರು ಆಗದು.

ನಾನು ಬಲೆ ಹಿಡಿದು ಬಗ್ಗಿ ನಿಂತದ್ದನ್ನು ಆ ಹೆಂಗಸು ನೋಡಿದಳು.

"ಅದ್ನ ಹಿಡ್ದು ಎಂತಾ ಮಾಡ್ತ್ರಿ? ಬೆಕ್ಕಿಗೂ ಹೊಟ್ಟೆ ತುಂಬೂದಿಲ್ಲ."

"ಹಿಡಿಯೋದಿಲ್ಲ, ನೋಡೋಕೆ ಬಂದೆ. ಇದಕ್ಕೆ ಇಲ್ಲಿ ಏನಂತಾರೆ?"

"ಹೆಸ್ರಿಟ್ಟು ಕರೆಯೂಕೆ ಅದೇನು ಬಂಗಡೆಯಾ? ಸಣ್ಣ ಮೀನು, ಅಷ್ಟೇ." ಚಾಪೆಯನ್ನು ಮಗುಚಿ ಹಾಕಿ ಮತ್ತೆ ಕೇಳಿದಳು, "ನಿಮ್ಮೂರಲ್ಲಿ ಹೊಳೆ ಇಲ್ವಾ?"

ಇಲ್ಲ ಎಂದೆ. "ಪಾಪ" ಎಂದಳು, ನಿಜವಾದ ಕನಿಕರದಿಂದ.

ಮೀನು ಸಿಕ್ಕಿತಲ್ಲ ಎಂದು ನನಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ. ಕರಾವಳಿಯ ಹಳ್ಳಗಳಲ್ಲೆಲ್ಲ ಇರುವ ಮೀನು ಬಾಳೆಗುಳಿಯಲ್ಲಿದ್ದರೆ ನನ್ನ ಊರಿನ ಬಗ್ಗೆ ಏನೂ ಸಾಬೀತಾಗುವುದಿಲ್ಲ. ಆಟೋ ಹಿಡಿದು ಅಂಕೋಲೆ ಪೇಟೆಗೆ ಹೋದೆ. ಬಸ್ ನಿಲ್ದಾಣದ ಹತ್ತಿರ ಒಂದು ಲಾಡ್ಜು, ಅದರ ಕೆಳಗೇ ಊಟದ ಮನೆ. ಕುಚ್ಚಲಕ್ಕಿ ಅನ್ನ, ಬಂಗಡೆ ಸಾರು, ಕುಡಿಯಲು ಮುರುಗಲ ಹುಳಿಯ ಕಡಿ. ಮೇ ತಿಂಗಳಲ್ಲಿ ಈಶಾಡು ಮಾವಿನ ಬುಟ್ಟಿಗಳು ತುಂಬುವ ಪೇಟೆಯ ರಸ್ತೆಯಲ್ಲಿ ಈಗ ಸೌತೆಕಾಯಿ, ಬಸಳೆ, ಅಬ್ಬಲಿ ಹೂವಿನ ದಂಡೆ. ಸಂಜೆ ಒಂದು ಮಳೆ ಬಂದು ಹೋಯಿತು. ಈ ಪೇಟೆಯಲ್ಲೇ ಎಲ್ಲೋ ಅಜ್ಜಿಯ ಮನೆ ಇತ್ತು, ಅಕ್ಕ ಅಲ್ಲಿದ್ದು ಶಾಲೆಗೆ ಹೋಗುತ್ತಿದ್ದಳು. ಹುಡುಕಲು ಮನಸ್ಸಾಗಲಿಲ್ಲ.

ಮರುದಿನ ಬೆಳಿಗ್ಗೆ ಇಡ್ಲಿ ತಿಂದು ಕಾರವಾರದ ಲೋಕಲ್ ಬಸ್ಸು ಹತ್ತಿದೆ. ಕಂಡಕ್ಟರಿಗೆ ಊರಿನ ಹೆಸರು ಹೇಳಿದರೆ ಅವನು ಟಿಕೆಟ್ ಹರಿಯದೆ ನನ್ನ ಮುಖ ನೋಡಿದ.

"ಆ ಸ್ಟಾಪ್ ಇಲ್ರಿ ಈಗ. ನಾ ಸರ್ವಿಸಿಗೆ ಬರೂಕಿಂತ ಮೊದ್ಲೇ ತೆಗ್ದಾರೆ."

"ಅದರ ಹತ್ತಿರ ಎಲ್ಲಾದರೂ."

"ಹತ್ರ ಅಂದ್ರೆ ಎಲ್ಲಾ ಗೋಡೆನೇ."

ಮುಂದಿನ ನಿಲುಗಡೆಗೆ ಟಿಕೆಟ್ ಕೊಟ್ಟು, ಆದರೂ ನಾನು ಎದ್ದು ನಿಂತಲ್ಲಿ ಗಂಟೆ ಹೊಡೆದ. ಇಳಿದೆ. ನಾಲ್ಕು ಪಥದ ರಸ್ತೆ, ಒಂದು ಕಡೆ ಗುಡ್ಡ ಕಡಿದ ಕೆಂಪು ಗೋಡೆ, ಇನ್ನೊಂದು ಕಡೆ ಕಾಂಕ್ರೀಟ್ ಗೋಡೆ, ಮೇಲೆ ತಂತಿ, ಫೋಟೊ ತೆಗೆಯಬಾರದೆಂಬ ಫಲಕ. ಗೋಡೆಯಾಚೆ ತೆಂಗಿನ ತಲೆಗಳು ಕಾಣುತ್ತಿದ್ದವು. ನೆಟ್ಟವರು ಯಾರಿರಬಹುದೆಂದು ಯೋಚಿಸಿದೆ. ಸ್ವಲ್ಪ ದೂರ ನಡೆದ ಮೇಲೆ ರಸ್ತೆಯ ಅಡಿಯಲ್ಲಿ ಒಂದು ಮೋರಿ ಸಿಕ್ಕಿತು. ಗುಡ್ಡದಿಂದ ಬಂದ ನೀರು ಅದರೊಳಗೆ ಹೊಕ್ಕು, ಆಚೆ ಬದಿಯಲ್ಲಿ ಗೋಡೆಯ ಬುಡದ ಕಬ್ಬಿಣದ ಜಾಲರಿಯ ಮೂಲಕ ಒಳಗೆ ಹರಿಯುತ್ತಿತ್ತು. ಹರಿಯುತ್ತಿತ್ತು ಎಂಬುದನ್ನು ಒತ್ತಿ ಹೇಳಬೇಕು. ಅಕ್ಕ ಹೇಳಿದ ಒಣ ಗುಂಡಿ ಅದಲ್ಲ. ಆದರೆ ಇದೇ ನಮ್ಮ ಹಳ್ಳವೆಂದು ಯಾರು ಹೇಳಬೇಕು? ಇಂಥ ತೊರೆಗಳು ಆ ಗುಡ್ಡದಲ್ಲಿ ನಾಲ್ಕಾರು ಇದ್ದಾವು.

ಮೋರಿಯ ಕಟ್ಟೆ ಹಿಡಿದು ಬಗ್ಗಿ ನೋಡಿದೆ. ನೀರು ಚೊಕ್ಕಟವಾಗಿತ್ತು, ಮೀನು ಕಾಣಲಿಲ್ಲ. ಒಂದು ಸಾಗವಾನಿಯ ಎಲೆ ತೇಲಿ ಬಂದು ಜಾಲರಿಗೆ ತಾಗಿ, ತಿರುಗಿ, ಸಂದಿಯಿಂದ ಒಳಗೆ ಹೋಯಿತು. ಅದರ ಹಿಂದೆ ನನ್ನ ದೃಷ್ಟಿ ಎಷ್ಟು ದೂರ ಹೋಗಬಹುದೋ ಅಷ್ಟು ಹೋಗಿ ನಿಂತಿತು. ಬೈಕಿನಲ್ಲಿ ಬಂದ ಒಬ್ಬರು ನಿಧಾನಿಸಿ, "ಎಂತಾ ಬಿತ್ತು? ಮೊಬೈಲಾ?" ಎಂದರು. ಏನೂ ಬಿದ್ದಿಲ್ಲ ಎಂದೆ. "ಹಂಗಾರೆ ನಿಲ್ಲಬೇಡಿ ಇಲ್ಲಿ. ಲಾರಿ ಜೋರ ಬತ್ತವೆ" ಎಂದು, ಶಿರವಾಡದ ಕ್ರಾಸ್‌ವರೆಗೆ ತಮ್ಮ ಹಿಂದೆ ಕೂರಿಸಿಕೊಂಡು ಹೋಗಿ ಬಿಟ್ಟರು. ಸುರಂಗ ದಾಟಿ ಹೊರಬಂದಾಗ ಎಡಕ್ಕೆ ಸಮುದ್ರ ಒಮ್ಮೆಲೇ ತೆರೆದುಕೊಂಡಿತು. ಅವರು ಏನೋ ಹೇಳುತ್ತಿದ್ದರು, ಗಾಳಿಗೆ ಕೇಳಲಿಲ್ಲ.

ಅಕ್ಕ ಶಿರವಾಡದಲ್ಲಿ, ರೈಲು ನಿಲ್ದಾಣಕ್ಕೆ ಹೋಗುವ ರಸ್ತೆಯ ಒಳಗೆ ಇರುತ್ತಾಳೆ. ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕಿ. ಭಾವನದು ಬಂದರಿನ ಕಡೆ ಕೆಲಸ, ಹಗಲು ಮನೆಯಲ್ಲಿರುವುದಿಲ್ಲ. ಅಂಗಳದಲ್ಲಿ ನಿಂತಿದ್ದ ಅಕ್ಕನ ಕಣ್ಣು ಮೊದಲು ಬಿದ್ದದ್ದು ಬಲೆಯ ಮೇಲೆ.

"ಬಂದ್ಯಾ ತಮಾ. ಬಲೆ ಬೇರೆ ತಕಂಡ್ ಬಂದವ್ನೆ. ನಮ್ಮ ಓಣಿಯವ್ರು ನೋಡಿದ್ರೆ ನನ್ನ ತಮ್ಮ ಪ್ರೊಫೆಸರ್ ಅಂತ ಹೇಳಿದ್ದು ಸುಳ್ಳು ಅಂತಾರೆ."

"ಪ್ರೊಫೆಸರ್ ಅಲ್ಲ, ಲೆಕ್ಚರರ್."

"ಅದೂ ಸುಳ್ಳೇ ಹಂಗಾರೆ."

ಊಟಕ್ಕೆ ಕೂತೆವು. ಅಮ್ಮ ಮಾಡುತ್ತಿದ್ದ ಹಾಗೆಯೇ ಸಾರಿಗೆ ಜುಮ್ಮನ ಕಾಯಿ ಹಾಕಿದ್ದಳು. ಆ ವಾಸನೆಗೆ ಇಬ್ಬರೂ ಇನ್ನೊಮ್ಮೆ ಸಾರು ಬಡಿಸಿಕೊಂಡೆವು. ಆಮೇಲೆ ಮೋರಿಯ ನೀರಿನ ಸುದ್ದಿ ಹೇಳಿದೆ. ಅವಳು ಅನ್ನ ಕಲಸುತ್ತಲೇ, "ಇರ್ಬಹುದು. ನಾ ಮಾತ್ರ ನೀರು ಕಂಡಿದ್ದಿಲ್ಲ" ಎಂದಳು.

"ನೀನು ಊರಲ್ಲಿ ಇರ್ತಿದ್ದದ್ದು ಯಾವಾಗ?"

"ಯಾವಾಗ ಅಂದ್ರೆ? ಬುದ್ಧಿ ಬಂದ್ಮೇಲೆ ಬೇಸ್ಗೆ ರಜೆಗೆ ಮಾತ್ರ. ಎಪ್ರಿಲ್ ಮೇ."

ಹಾಗೆಂದವಳು ಅನ್ನ ಕಲಸುವ ಕೈ ನಿಲ್ಲಿಸಿದಳು. ಇಷ್ಟು ವರ್ಷ ಇಬ್ಬರಿಗೂ ಹೊಳೆಯದಿದ್ದ ಮಾತು. ಎಪ್ರಿಲ್ ಮೇ ತಿಂಗಳಲ್ಲಿ ಈ ಗುಡ್ಡದ ಯಾವ ತೊರೆಯೂ ಕಲ್ಲಿನ ಗುಂಡಿಯೇ.

"ಆದ್ರೂ ಮೀನಿಗೆ ಗೆರೆ ಇರ್ಲಿಲ್ಲ" ಎಂದಳು, ಸ್ವಲ್ಪ ಹಟದಿಂದ. "ಅದನ್ನ ಮಾತ್ರ ನಾ ಕಣ್ಣಾರೆ ನೋಡಿದ್ದೆ."

"ನೀರೇ ಕಾಣದವಳು ಮೀನು ಎಲ್ಲಿ ನೋಡಿದೆ?"

"ಕಾಲೊನಿಲಿ. ಊರು ಬಿಟ್ಟ ದಿವ್ಸ. ದೀಪಾವಳಿ ಕಳ್ದಿತ್ತು, ಅಜ್ಜಿ ನನ್ನ ಕರ್ಕಂಡ್ ಬಂದಿದ್ರು, ಸಾಮಾನು ಹೊಂದ್ಸೂಕೆ. ಅಮ್ಮ ಲಾರಿಲಿ ಮಡಿಲ ಮೇಲೆ ಒಂದು ಮಣ್ಣಿನ ಗಡಿಗೆ ಇಟ್ಕಂಡ್ ಬಂದಿದ್ಲು, ಬಾಯಿಗೆ ಬಾಳೆಎಲೆ ಕಟ್ಟಿ. ಹೊಸ ಬಾವಿಗೆ ಬಿಡೂಕೆ ಊರಿನ ಮೀನು."

ಬಾವಿಗೆ ಮೀನು ಬಿಡುವುದು ನಮ್ಮ ಕಡೆಯ ವಾಡಿಕೆ. ಹೊಸ ಬಾವಿ ತೋಡಿದರೆ ಹಳೆಯ ನೀರಿನಿಂದ ನಾಲ್ಕು ಮೀನು ತಂದು ಬಿಟ್ಟ ಮೇಲೆಯೇ ಕುಡಿಯಲು ಸೇದುತ್ತಾರೆ. ಸೊಳ್ಳೆ ಹುಳ ತಿನ್ನುತ್ತದೆ ಎಂಬುದು ಕಾರಣ. ಆದರೆ ಊರನ್ನು ಬಿಡುವವರು ಅಲ್ಲಿಯ ನೀರಿನಿಂದ ಮೀನು ಹೊತ್ತು ತಂದದ್ದಕ್ಕೆ ಸೊಳ್ಳೆಯೊಂದೇ ಕಾರಣವಿರಲಾರದು.

"ಎಲೆ ಬಿಚ್ಚಿದಾಗ ನಾ ಬಗ್ಲಲ್ಲೇ ಇದ್ದೆ. ಬಿಳೀ ಮೀನು. ನೀರಿನ ಬಣ್ಣವೇ. ಗೆರೆ ಇದ್ರೆ ಕಾಣ್ತಿರ್ಲಿಲ್ವಾ? ಅಮ್ಮ ನೋಡಿದ್ಲು, ಏನೂ ಹೇಳ್ಲಿಲ್ಲ. ಬಾವಿಗೆ ಬಿಡ್ಲೂ ಇಲ್ಲ. ಹಿಂದಿನ ಗಟಾರಕ್ಕೆ ಒಯ್ದು ಚೆಲ್ಲಿ ಬಂದ್ಲು. ನೀ ಅವಳ ಬೆನ್ನಿಗೆ ಓಡಿದ್ದಿ. ಗಟಾರದ ಬದಿಗೆ ಕೂತವ್ನು ಊಟಕ್ಕೆ ಕರೆದ್ರೂ ಏಳ್ಲಿಲ್ಲ, ರಟ್ಟೆ ಹಿಡ್ದು ಎಳ್ಕಂಡ್ ಬರೂಕಾಯ್ತು."

ಕಲಸಿದ ಅನ್ನವನ್ನು ತಟ್ಟೆಯ ಅಂಚಿಗೆ ಸರಿಸಿದೆ. ನನ್ನ ಹತ್ತಿರ ಇನ್ನೊಂದು ಚೂರು ನೆನಪಿತ್ತು. ಅದನ್ನು ಅಮ್ಮನಿಗಾಗಲಿ ಅಕ್ಕನಿಗಾಗಲಿ ಯಾರಿಗೂ ಹೇಳಿದವನಲ್ಲ. ಮೈಮೇಲೆ ಏನೂ ಇಲ್ಲದ ಒಂದು ಮೀನು, ನಾನು ನೋಡುತ್ತಿದ್ದಂತೆ ಅದರ ಮೇಲೆ ಯಾರೋ ಬೆರಳಿನಿಂದ ಎಳೆದಂತೆ ಗೆರೆ ಮೂಡಿ ಬರುವುದು. ಹೇಳದಿರಲು ಕಾರಣ, ಅದನ್ನು ನಾನೇ ನಂಬಿರಲಿಲ್ಲ. ಕತ್ತಲಲ್ಲಿಟ್ಟ ಮೀನಿನ ಚರ್ಮದ ಬಣ್ಣದ ಕಣಗಳು ಕುಗ್ಗಿ ಮೈ ಬಿಳಿಚಿಕೊಳ್ಳುತ್ತದೆ, ಬೆಳಕಿಗೆ ಬಂದರೆ ಕಣಗಳು ಹರಡಿ ಬಣ್ಣ ಮರಳುತ್ತದೆ ಎಂದು ಎಂ.ಎಸ್ಸಿ.ಯಲ್ಲಿ ಓದಿದ್ದೆ. ಓದಿದ್ದನ್ನೇ ಬಾಲ್ಯಕ್ಕೆ ಹಿಂದಿನಿಂದ ಅಂಟಿಸಿಕೊಂಡೆನೆಂದು ಆ ನೆನಪನ್ನು ತೆಗೆದುಹಾಕಿದ್ದೆ.

ಅಕ್ಕನಿಗೆ ಆಗ ಏನೂ ಹೇಳಲಿಲ್ಲ. ಅವಳ ಮಾತು ಮತ್ತು ನನ್ನ ನೆನಪು ಹೊಂದಿದ್ದು ಬಹಳ ಸಲೀಸಾಗಿತ್ತು. ಸಲೀಸಾದದ್ದರ ಮೇಲೆ ನನಗೆ ಅನುಮಾನ ಜಾಸ್ತಿ.

ಮೂರನೆಯ ದಿನ ಬೆಳಿಗ್ಗೆ ಡಬ್ಬಿ, ಬಲೆ ಹಿಡಿದು ಕಾಲೊನಿಗೆ ಹೋದೆ. ಅಕ್ಕನನ್ನು ಕರೆದರೆ, ರಜೆಯಲ್ಲೂ ಶಾಲೆಯ ಕೆಲಸ ಅಂದಳು. ಕಾಲೊನಿ ಹೆದ್ದಾರಿಯಿಂದ ಒಳಕ್ಕೆ ಹತ್ತು ನಿಮಿಷದ ದಾರಿ. ಸರ್ಕಾರ ಅಳೆದು ಕೊಟ್ಟ ಸರಿಸಮ ಜಾಗಗಳು ಈಗ ಒಂದರಂತೆ ಒಂದಿಲ್ಲ. ಕೆಲವಕ್ಕೆ ಮಹಡಿ ಎದ್ದಿದೆ, ಕೆಲವಕ್ಕೆ ಗ್ರಾನೈಟಿನ ತುಳಸಿಕಟ್ಟೆ. ಮೊದಲ ತಿರುವಿನಲ್ಲೇ ತುಳಸಕ್ಕನ ಅಂಗಡಿ. ಊರಲ್ಲಿ ನಮ್ಮ ನೆರೆಮನೆಯವಳು ಅವಳು. ಕುಂಟು ಆಕಳು ಅವಳದೇ. ಒಣಮೀನು, ಬಿಸ್ಕೀಟು, ಮೊಬೈಲ್ ರೀಚಾರ್ಜು ಎಲ್ಲ ಇಟ್ಟಿದ್ದಾಳೆ. ತಲೆ ಪೂರ್ತಿ ನೆರೆತಿದೆ. ಮುಡಿಯಲ್ಲಿ ಅಬ್ಬಲಿ ದಂಡೆ.

"ಸಾವಿತ್ರಿ ಮಗನಾ? ಮುಖ ಹಂಗೇ ಅದೆ, ಮೂಗೊಂದು ಅಪ್ಪಂದು. ಎಂತಾ ಅದು ಕೈಲಿ?"

ಹೇಳಿದೆ.

"ಧಾರವಾಡದಲ್ಲಿ ಕಲ್ತು ಕಲ್ತು ಕಡೀಗೆ ನಮ್ಮ ಗಟಾರಕ್ಕೆ ಬಂದ್ಯಾ" ಎಂದು ನಕ್ಕು, ಕುರ್ಚಿ ಸರಿಸಿ ಕೊಟ್ಟಳು. ಸೋಡಾ ಒಡೆದಳು. ಅಮ್ಮನ ಕೊನೆಯ ದಿನಗಳ ಬಗ್ಗೆ ಒಂದೊಂದೇ ಕೇಳಿದಳು. ಉಣ್ಣುತ್ತಿದ್ದಳಾ, ನೋವಿತ್ತಾ, ಊರಿನ ಮಾತಾಡುತ್ತಿದ್ದಳಾ. ದಿನಾ ಆಡುತ್ತಿದ್ದಳು ಎಂದೆ. ನಿನ್ನ ಆಕಳಿನ ಕತೆ ಸಹ.

"ಮೀನಿನದು?"

"ಅದೊಂದು ಹೇಳಲಿಲ್ಲ."

"ಹೇಳೂದಿಲ್ಲ ಅವ್ಳು." ತುಳಸಕ್ಕ ಸೋಡಾ ಬಾಟಲಿಯ ಗೋಲಿಯನ್ನು ಹೆಬ್ಬೆರಳಿಂದ ಅಲ್ಲಾಡಿಸಿದಳು. "ನಾವೇ ಅಲ್ವಾ ಕಳ್ಸಿದ್ದು, ನೀ ಹೇಗೂ ಹಳ್ಳದ ಬದಿಯವ್ಳು, ನೀನೇ ತಾ ಅಂತ. ಹೊಸ ಬಾವಿ ಸುತ್ತ ಎಲ್ಲಾ ನಿಂತಿದ್ರು. ಎಲೆ ಬಿಚ್ಚಿ ನೋಡಿದ್ರೆ ಗೆರೆ ಮಾಯ. ನಮ್ಮ ದೊಡ್ಡಾಯಿ ಇದ್ರಲ್ಲ, ಅವ್ರು ಹೇಳಿದ್ರು, ಬಣ್ಣ ಬಿಟ್ಟ ಮೀನು ಬಾವಿಗೆ ಬ್ಯಾಡ, ಊರು ಬಿಟ್ಟಿದ್ದು ಅದ್ಕೂ ತಾಗಿದೆ ಅಂತ. ಸಾವಿತ್ರಿ ಅವತ್ತು ಅಳ್ಲಿಲ್ಲ. ಆಮೇಲೆ ಒಂದಿವ್ಸ ಬಟ್ಟೆ ಒಗಿಯೂಕೆ ಹೋದಾಗ ಅಂದ್ಲು. 'ತುಳಸಿ, ಮೀನಿಗೇ ಗೆರೆ ಉಳೀಲಿಲ್ಲ, ನಮ್ಗೆ ಎಂತಾ ಉಳೀತದೆ?' ಅಂತ."

"ಬಾವಿಗೆ ಆಮೇಲೆ?"

"ಬೇರೆ ಯಾರೋ ಎಲ್ಲಿಂದಲೋ ತಂದು ಬಿಟ್ರು. ಊರಿಂದಲ್ಲ."

ಗಟಾರ ಎಂದು ಅವರೆಲ್ಲ ಕರೆಯುವುದು ಕಾಲೊನಿಯ ಹಿಂದೆ, ಗದ್ದೆಯ ಅಂಚಿಗೆ ಹರಿಯುವ ಒಂದು ಕಾಲುವೆ. ಕಾಲೊನಿಯ ಬಚ್ಚಲ ನೀರು ಸೇರುವ ಜಾಗದಿಂದ ಮೇಲಕ್ಕೆ ಹೋದರೆ ನೀರು ತಿಳಿಯಾಗಿದೆ. ದಡದಲ್ಲಿ ಕೇದಗೆ ಜಾತಿಯ ಮುಂಡಿಗೆ, ಕೆಸವು. ತುಳಸಕ್ಕ ಕಾಲುವೆ ದಾಟುವ ಒಂದು ಸಂಕದ ಹತ್ತಿರ ನಿಂತು, "ಇಲ್ಲೇ ಚೆಲ್ಲಿದ್ಲು. ಆಗ ಸಂಕ ಇರ್ಲಿಲ್ಲ, ತೆಂಗಿನ ದಿಮ್ಮಿ ಇತ್ತು" ಎಂದಳು. ಮುಂಡಿಗೆಯ ಬೇರಿನ ನಡುವೆ ಒಂದು ಹಿಂಡು ನಿಂತಿತ್ತು, ಹರಿವಿಗೆ ಮುಖ ಮಾಡಿ. ಗೆರೆ, ಗೆರೆಯ ಮೇಲೆ ಹೊನ್ನು.

ಇವು ಅವೇ ಎಂದು ಹೇಳಲು ನನ್ನ ಬಳಿ ಆಧಾರವಿಲ್ಲ. ಪ್ರತಿ ಮಳೆಗಾಲ ಗದ್ದೆ ತುಂಬಿದಾಗ ಎತ್ತೆತ್ತಲಿನ ಮೀನೂ ಇಲ್ಲಿಗೆ ಬರಬಹುದು. ಹಾಗೆಂದು ತುಳಸಕ್ಕನಿಗೆ ಹೇಳಿದೆ. "ನೀ ನಿನ್ನ ಅಮ್ಮನ ಮಗ ಹೌದೋ ಅಲ್ಲೋ ಅಂತ್ಲೂ ಒಮ್ಮೆ ಯೋಚ್ನೆ ಮಾಡು" ಎಂದು ಅವಳು ಅಂಗಡಿಗೆ ಗಿರಾಕಿ ಬಂದರೆಂದು ಹೊರಟುಹೋದಳು.

ಬಲೆಗೆ ಸಿಕ್ಕ ಕೆಲವು ಮೀನುಗಳನ್ನು ಡಬ್ಬಿಗೆ ಹಾಕಿ, ಅದೇ ನೀರು ಅರ್ಧ ತುಂಬಿಸಿ, ಮುಚ್ಚಳ ಬಿಗಿದೆ. ಬಸ್ಸಿನಲ್ಲಿ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಎರಡೂ ಕೈಯಿಂದ ಹಿಡಿದು ಕೂತೆ. ಎದುರು ಸೀಟಿನ ಹೆಂಗಸು, "ಪಾಯಸವಾ?" ಎಂದು ಕೇಳಿದಳು. ಹೌದು ಎಂದೆ. ಅಮ್ಮ ಲಾರಿಯಲ್ಲಿ ಹೀಗೆಯೇ ಕೂತಿರಬೇಕು. ಆಗ ನಾನು ಅವಳ ಬಗಲಲ್ಲಿ ಇದ್ದಿರಬೇಕು. ಆ ಪ್ರಯಾಣದ ಒಂದು ತುಣುಕೂ ನನಗೆ ನೆನಪಿಲ್ಲ. ಎಷ್ಟು ಬೇಕೆಂದರೂ ಬರಲಿಲ್ಲ. ಗೋಡೆಯ ಪಕ್ಕದ ಮೋರಿ ಕಿಟಕಿಯಲ್ಲಿ ಹಾದುಹೋಯಿತು.

ಅಕ್ಕನ ಹಿತ್ತಿಲಲ್ಲಿ, ತೆಂಗಿನ ಮರದ ಬುಡಕ್ಕೆ, ಊರ ಮನೆಯ ಒರಳುಕಲ್ಲು ಇದೆ. ಅಮ್ಮ ಧಾರವಾಡಕ್ಕೆ ಹೊರಟಾಗ ಅವಳಿಗೆ ಕೊಟ್ಟದ್ದು. ಮಿಕ್ಸಿ ಬಂದ ಮೇಲೆ ಅದರಲ್ಲಿ ರುಬ್ಬುವವರಿಲ್ಲ. ಮಳೆನೀರು ನಿಂತಿರುತ್ತದೆ, ಕಾಗೆ ಕುಡಿಯುತ್ತದೆ. ಅಕ್ಕನನ್ನು ಅಲ್ಲಿಗೆ ಕರೆದೆ. ಸೆರಗಿಗೆ ಕೈ ಒರೆಸುತ್ತ ಬಂದಳು. ಡಬ್ಬಿಯ ಮುಚ್ಚಳ ತೆಗೆದೆ.

ಬಿಳಿ ಮೀನು. ಹೊಳೆಯುವ ಸ್ಟೀಲಿನೊಳಗೆ ನೀರಿನದೇ ಬಣ್ಣ, ಕಣ್ಣು ಮಾತ್ರ ಕಪ್ಪು.

"ಇದೇ" ಎಂದಳು ಅಕ್ಕ. ಅವಳ ದನಿ ತಗ್ಗಿತು. "ಇದೇ ಮೀನು ತಮಾ. ನೋಡು. ಎಲ್ಲಿ ಅದೆ ನಿನ್ನ ಗೆರೆ?"

"ಸ್ವಲ್ಪ ನಿಲ್ಲು."

ಮೀನುಗಳನ್ನು ಒರಳಿನ ಗುಳಿಗೆ ಸುರಿದೆ. ಕರಿಕಲ್ಲು, ಒಳಗೆ ನೀರು ಇನ್ನೂ ಕಪ್ಪಾಗಿ ಕಾಣುತ್ತದೆ. ಮೋಡ ಸರಿದು ಹಿತ್ತಿಲಿಗೆ ಬಿಸಿಲು ಇಳಿದಿತ್ತು. ಮೀನುಗಳು ತಳಕ್ಕೆ ಹೋಗಿ ಒಂದಕ್ಕೊಂದು ಒತ್ತಿ ನಿಂತವು.

"ಎಂತಾ ನೋಡೂದು?"

"ನೋಡ್ತಾ ಇರು."

ಅಡುಗೆ ಮನೆಯಲ್ಲಿ ಕುಕ್ಕರ್ ಕೂಗಿತು. ಅವಳು ಆ ಕಡೆ ತಿರುಗಿದಳು, ಹೋಗಲಿಲ್ಲ. ಮತ್ತೊಮ್ಮೆ ಕೂಗಿತು. "ಅ‌ನ್ನ ಮುದ್ದೆಯಾಗ್ತದೆ" ಎಂದಳು. ಆದರೂ ನಿಂತಳು. ಮೀನುಗಳ ಮೇಲೆ ಏನೂ ಆಗುತ್ತಿರಲಿಲ್ಲ. ನನ್ನ ನೆನಪು ನಿಜಕ್ಕೂ ಪುಸ್ತಕದಿಂದ ಬಂದದ್ದೇ ಇರಬಹುದು, ಈ ಜಾತಿಗೆ ಅದು ಅನ್ವಯಿಸದೆಯೂ ಇರಬಹುದು ಎಂದು ಯೋಚಿಸುತ್ತಿದ್ದೆ. ಆಗ ಅಂಚಿನಲ್ಲಿದ್ದ ಒಂದು ಮೀನಿನ ಬಾಲದ ಬುಡದಲ್ಲಿ ಬೂದಿ ಬಣ್ಣದ ಚುಕ್ಕೆ ಕಂಡಿತು. ಅದು ಮುಂದಕ್ಕೆ ಹಬ್ಬಿತು, ಒದ್ದೆ ಕಾಗದದ ಮೇಲೆ ಮಸಿ ಹಬ್ಬುವ ಹಾಗೆ. ಮತ್ತೊಂದರ ಮೇಲೆ. ಇನ್ನೊಂದರ ಮೇಲೆ. ಬೂದಿ ಕಪ್ಪಾಯಿತು, ಕಪ್ಪು ಕಣ್ಣಿನವರೆಗೆ ಬಂತು. ಅದರ ಮೇಲೆ ಹೊನ್ನಿನ ಎಳೆ ಹೊತ್ತಿಕೊಂಡಿತು.

ಅಕ್ಕ ಒರಳಿನ ಅಂಚಿಗೆ ಕೈಯೂರಿ ಕೂತಳು. ಬಹಳ ಹೊತ್ತು ಕುಕ್ಕರ್ ಕೂಗುತ್ತಲೇ ಇತ್ತು.

ತುಳಸಕ್ಕ ಹೇಳಿದ್ದನ್ನು ಹೇಳಿದೆ. ದೊಡ್ಡಾಯಿಯ ಮಾತು, ಅಮ್ಮ ಬಟ್ಟೆ ಒಗೆಯುವಾಗ ಆಡಿದ ಮಾತು. ಅಕ್ಕ ಮೀನಿನಿಂದ ಕಣ್ಣು ತೆಗೆಯದೆ ಕೇಳಿದಳು.

"ಅವ್ಳಿಗೆ ಅವತ್ತು ಕೆಲ್ಸ ರಾಶಿ ಇತ್ತು" ಎಂದಳು. ಅಮ್ಮನ ಪರವಾಗಿ ಯಾರಿಗೋ ಉತ್ತರ ಕೊಡುವಂತೆ. "ಒಲೆ ಹೂಡಬೇಕು, ಸಾಮಾನು ಇಳಿಸ್ಬೇಕು, ಜನಕ್ಕೆ ಚಾ ಮಾಡ್ಬೇಕು. ಕೂತ್ಕಂಡು ಮೀನು ನೋಡೂಕೆ ಎಲ್ಲಾಗ್ತದೆ?"

"ಆಗೋದಿಲ್ಲ."

"ನೀ ಒಬ್ನೇ ನೋಡಿದ್ದು ಹಂಗಾರೆ."

ಇರಬಹುದು ಎಂದೆ. ಐದು ವರ್ಷದವನು ಓಡಿ ಬಂದು ಹೇಳಿದ್ದನೋ ಇಲ್ಲವೋ ಗೊತ್ತಿಲ್ಲ. ಹೇಳಿದ್ದರೂ ಕೇಳುವವರು ಇದ್ದರೋ ಇಲ್ಲವೋ ಗೊತ್ತಿಲ್ಲ. ಅಮ್ಮ ಅದಾದ ಮೇಲೆ ಎಷ್ಟೋ ವರ್ಷ ಬದುಕಿದಳು. ಬಿಳಿಚಿದ ಮೀನಿಗೆ ಬೆಳಕಿನಲ್ಲಿ ಬಣ್ಣ ಮರಳುತ್ತದೆಂದು ಪ್ರತಿ ವರ್ಷ ಹುಡುಗರಿಗೆ ಪಾಠ ಹೇಳುವ ಮಗನ ಮನೆಯಲ್ಲೇ ಕೊನೆಯ ದಿನಗಳನ್ನು ಕಳೆದಳು. ಅವಳಾಗಲಿ ನಾನಾಗಲಿ ಈ ಒಂದು ಮಾತು ಎತ್ತಲಿಲ್ಲ.

ಮೀನನ್ನು ಧಾರವಾಡಕ್ಕೆ ಒಯ್ಯುವ ಯೋಚನೆ ನನಗಿತ್ತು. ಅಕ್ಕ ಬಿಡಲಿಲ್ಲ. ನಳದ ನೀರು ಬಂದ ಮೇಲೆ ಅವಳ ಬಾವಿಗೆ ಯಾರೂ ಮೀನು ಬಿಟ್ಟಿರಲಿಲ್ಲ. ಕೊಡ ತಂದು, ಒರಳಿನಿಂದ ಚೆಂಬಿನಲ್ಲಿ ಮೊಗೆದು ಮೊಗೆದು ತುಂಬಿ, ಹಗ್ಗ ಕಟ್ಟಿ ತಾನೇ ಇಳಿಸಿದಳು. ಕೊಡ ನೀರು ಮುಟ್ಟಿದಾಗ ಹಗ್ಗವನ್ನು ಓರೆ ಮಾಡಿ ಬಹಳ ಹೊತ್ತು ಹಿಡಿದಿದ್ದಳು. ಬಾವಿಯಲ್ಲಿ ಈ ಮೀನು ಕೆಲವು ವರ್ಷ ಬದುಕುತ್ತದೆ, ಆದರೆ ಮುಳುಗಿದ ಹುಲ್ಲಿಲ್ಲದೆ ಮರಿಯಾಗುವುದು ಕಷ್ಟ. ಈ ಮಾತು ಅವಳಿಗೆ ಹೇಳಲಿಲ್ಲ.

ಮರುದಿನ ಕಾರವಾರದಿಂದ ಹುಬ್ಬಳ್ಳಿ ಬಸ್ಸು ಹಿಡಿದೆ. ಗೋಡೆಯ ಕಡೆಯ ಕಿಟಕಿ ಆರಿಸಿ ಕೂತಿದ್ದೆ, ಆದರೆ ಮೋರಿ ಬಂದಾಗ ಎದುರಿನಿಂದ ಲಾರಿ ಬಂತು. ತೆಂಗಿನ ತಲೆಗಳಷ್ಟೇ ಕಂಡವು. ಅಂಕೋಲೆ ಬಿಟ್ಟು, ಬಾಳೆಗುಳಿಯಲ್ಲಿ ಬಸ್ಸು ಘಟ್ಟದ ಕಡೆಗೆ ತಿರುಗುವಾಗ ಅಕ್ಕನ ಫೋನು ಬಂತು.

"ಬೆಳಿಗ್ಗೆ ಬಗ್ಗಿ ನೋಡ್ದೆ, ಎಂತಾ ಕಾಣ್ಲಿಲ್ಲ. ಈಗ ಬಾವಿ ಒಳಗೆ ಬಿಸಿಲು ಬಿತ್ತು. ಅದೆ."

"ಗೆರೆ?"

"ಗೆರೆಯೇ ಹೇಳ್ತಾ ಇದ್ದಿದ್ದು." ಬಾವಿಯ ಕಟ್ಟೆಯ ಮೇಲೆಯೇ ಇದ್ದಳೆಂದು ಅವಳ ಮಾತಿನ ಮಾರ್ದನಿಯಿಂದ ತಿಳಿಯಿತು. "ತಮಾ, ಆ ಕೇದಗೆ ಹಿಂಡು ಹಳ್ಳದ ಯಾವ ಬದಿಗಿತ್ತು? ನಮ್ಮ ಮನೆ ಕಡೆಯಿಂದ ನೋಡಿದ್ರೆ?"

ಅವಳು ನನ್ನನ್ನು ಊರಿನ ಬಗ್ಗೆ ಏನಾದರೂ ಕೇಳಿದ್ದು ಅದೇ ಮೊದಲು. ಬಸ್ಸು ಗಂಗಾವಳಿಯ ದಡಕ್ಕೆ ಬಂದಿತ್ತು. ಹಿಂದಿನ ಗಾಜಿನಲ್ಲಿ ಸಮುದ್ರದ ಕಡೆಯ ಬಯಲು ಬೆಳಕು ಮರಗಳ ಹಿಂದೆ ಕಿರಿದಾಗುತ್ತಿತ್ತು.

"ಎಡಕ್ಕೆ" ಎಂದೆ.

ನನಗದು ಗೊತ್ತಿರಲಿಲ್ಲ. ಆದರೆ ಹೇಳುತ್ತಿರುವಾಗ ಕೇದಗೆಯ ನೆರಳು ನೀರಿನ ಮೇಲೆ ಎಡದಿಂದಲೇ ಬಿದ್ದಿತ್ತು.